ಪಕ್ಕದಿಂದ ಪೆಟ್ಟು ಬಿದ್ದರೆ ಕಾಯುವ ಪರದೆ

ಗೋಣಿಕೊಪ್ಪಲಿನಲ್ಲಿ ಬಹಳ ವರ್ಷಗಳಿಂದ ಟಿಂಕರಿಂಗ್ ಶೆಡ್ ನಡೆಸುತ್ತಿರುವ ನಮ್ಮ ಅಂಕಣಕಾರರು ಈ ಸಲ ಓದುಗರ ಏರ್‌ಬ್ಯಾಗ್ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮಸ್ಕಾರ ಸರ್. ಕಾಫಿಗೆ ಒಳ್ಳೆ ರೇಟು ಸಿಕ್ಕಿದ್ದರಿಂದ ಹೊಸ ಕಾರು ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇವೆ. ನಾವು ನೋಡಿದ ಕಾರಿನ ಬೇಸ್ ಮಾಡೆಲ್‌ಗೆ ಎರಡು ಏರ್‌ಬ್ಯಾಗ್, ಮೇಲಿನ ಮಾಡೆಲ್‌ಗೆ ಆರು. ಮಗ ಬೇಸ್ ಮಾಡೆಲ್ ತಗೊಂಡು, ಉಳಿದ ದುಡ್ಡಿಗೆ ಅಲಾಯ್ ವೀಲ್, ದೊಡ್ಡ ಸ್ಕ್ರೀನ್ ಹಾಕಿಸೋಣ ಅಂತಾನೆ. ನಮ್ಮ ರಸ್ತೆಗಳಲ್ಲಿ ಐವತ್ತರ ಮೇಲೆ ಹೋಗುವುದೇ ಕಷ್ಟ. ಕಿಟಕಿ ಮೇಲಿಂದ ಇಳಿಯುವ ಆ ಪರದೆ ಏರ್‌ಬ್ಯಾಗ್ ನಮಗೆ ಬೇಕೇ ಬೇಕಾ? (ಸುಂಟಿಕೊಪ್ಪದ ಓದುಗರು)

ಉತ್ತರ: ಬೇಕೇ ಬೇಕು. ಅಲಾಯ್ ವೀಲ್ ಆಮೇಲೆ ಯಾವಾಗ ಬೇಕಾದರೂ ಹಾಕಿಸಬಹುದು. ಕರ್ಟನ್ ಏರ್‌ಬ್ಯಾಗ್ ಹಾಗಲ್ಲ, ಕಾರಿನ ಜೊತೆಗೇ ಬರಬೇಕು.

ಐವತ್ತರ ಮೇಲೆ ಹೋಗುವುದಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲಿ ಭಾರತ್ ಎನ್‌ಕ್ಯಾಪ್ ಅನ್ನುವ ಕ್ರ್ಯಾಶ್ ಟೆಸ್ಟ್ ವ್ಯವಸ್ಥೆ ನಡೆಯುತ್ತಿದೆ. ಅದರಲ್ಲಿ ಮೂರು ಪರೀಕ್ಷೆಗಳಿವೆ. ಮುಂದಿನಿಂದ ಗುದ್ದಿಸುವುದು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ. ಪಕ್ಕದಿಂದ ಗಾಡಿ ಬಂದು ಗುದ್ದುವ ಹಾಗೆ ಮಾಡುವುದು 50ರಲ್ಲಿ. ಮೂರನೆಯದು ಕಂಬದ ಪರೀಕ್ಷೆ. ಕಾರನ್ನು ಅಡ್ಡಡ್ಡವಾಗಿ ಜಾರಿಸಿ, ಡ್ರೈವರ್ ತಲೆ ಇರುವ ಕಡೆಗೆ ಸರಿಯಾಗಿ ಹತ್ತು ಇಂಚು ದಪ್ಪದ ಕಬ್ಬಿಣದ ಕಂಬಕ್ಕೆ ಹೊಡೆಸುತ್ತಾರೆ. ಅದರ ವೇಗ ಬರೀ 29 ಕಿಲೋಮೀಟರ್. ಪಕ್ಕಕ್ಕೆ ಕಂಬ ಹೊಡೆದರೆ ತಲೆಗೆ ಅಪಾಯ ಆಗಲು ಅಷ್ಟೇ ಸಾಕು.

ಈಗ ನಿಮ್ಮ ತೋಟದ ರಸ್ತೆ ನೆನೆಸಿಕೊಳ್ಳಿ. ಎರಡೂ ಕಡೆ ಸಿಲ್ವರ್ ಮರಗಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಆ ಮರ ಹೆಚ್ಚು ಕಡಿಮೆ ಟೆಸ್ಟಿನ ಕಂಬದಷ್ಟೇ ದಪ್ಪ ಇರುತ್ತದೆ. ಜೂನ್ ಜುಲೈನಲ್ಲಿ ರಸ್ತೆ ಮೇಲೆ ಎಲೆ, ಕೆಸರು, ಪಾಚಿ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ, ಕಾರು ಅಡ್ಡ ತಿರುಗುತ್ತದೆ. ಆಗ ಮರಕ್ಕೆ ಹೊಡೆಯುವುದು ಬಾನೆಟ್ ಅಲ್ಲ, ಬಾಗಿಲು. ತಿತಿಮತಿ ಕಡೆ ರಾತ್ರಿ ಆನೆ ಎದುರಾದಾಗ ಗಾಬರಿಯಲ್ಲಿ ಸ್ಟೇರಿಂಗ್ ಎಳೆದರೂ ಹೀಗೇ ಆಗುತ್ತದೆ.

ಇನ್ನೊಂದು ಜಾಗ ತೋಟದ ಗೇಟು. ಬೇಲಿ, ಕಾಫಿ ಗಿಡ ಎಲ್ಲ ಅಡ್ಡ ಇರುವುದರಿಂದ ಕಾರಿನ ಮೂತಿ ರಸ್ತೆಗೆ ಬರುವ ತನಕ ಏನೂ ಕಾಣುವುದಿಲ್ಲ. ಕುಶಾಲನಗರದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಟೂರಿಸ್ಟ್ ಗಾಡಿಗಳು ಬರುವ ವೇಗ ನಿಮಗೇ ಗೊತ್ತು. ಗೇಟಿನಿಂದ ಹೊರಬರುವ ಕಾರಿಗೆ ಅವು ಪಕ್ಕಕ್ಕೇ ಬಂದು ಬಡಿಯುತ್ತವೆ. ನನ್ನ ಶೆಡ್ಡಿಗೆ ಬರುವ ಕಾರುಗಳಲ್ಲಿ ನನ್ನನ್ನು ಜಾಸ್ತಿ ಹೆದರಿಸುವುದು ಮೂತಿ ಒಡೆದವು ಅಲ್ಲ, ನಡುವಿನ ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವೆ ರೂಫ್ ಹೊರುವ ಕಂಬ) ಒಳಗೆ ಬಗ್ಗಿದವು.

ಕಾರಣ ಸರಳ. ಮುಂದುಗಡೆ ನಿಮಗೂ ಎದುರಿನ ವಸ್ತುವಿಗೂ ನಡುವೆ ಬಾನೆಟ್, ಎಂಜಿನ್, ಡ್ಯಾಶ್‌ಬೋರ್ಡ್ ಇವೆ. ಅಲ್ಲಿ ಸಾಕಷ್ಟು ಜಾಗ ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ. ಪಕ್ಕದಲ್ಲಿ ಇರುವುದು ಬಾಗಿಲಿನ ತಗಡು, ಒಳಗೆ ಒಂದು ಬೀಮು, ಮೇಲೆ ಗಾಜು. ತಲೆಗೂ ಗಾಜಿಗೂ ನಡುವೆ ಒಂದು ಗೇಣು ಜಾಗ. ಸೀಟ್ ಬೆಲ್ಟ್ ಸೊಂಟ, ಎದೆ ಹಿಡಿಯುತ್ತದೆಯೇ ಹೊರತು ತಲೆ ಪಕ್ಕಕ್ಕೆ ವಾಲುವುದನ್ನು ತಡೆಯಲಾರದು. ಮುಂದಿನ ಏರ್‌ಬ್ಯಾಗ್ ಅಂತೂ ಆ ಕಡೆಗೆ ಇರುವುದೇ ಇಲ್ಲ. ತಲೆಗೂ ಮರಕ್ಕೂ ನಡುವೆ ಬರಲು ಸಾಧ್ಯ ಇರುವುದು ಈ ಪರದೆ ಒಂದೇ.

ಅದು ಇರುವುದು ಕಿಟಕಿಗಳ ಮೇಲೆ, ರೂಫ್ ಲೈನಿಂಗ್ ಒಳಗೆ, ಮಡಚಿಟ್ಟ ಕೊಡೆಯ ಹಾಗೆ ಉದ್ದಕ್ಕೆ. ಮುಂದಿನ ಪಿಲ್ಲರ್‌ನಿಂದ ಹಿಂದಿನ ಪಿಲ್ಲರ್ ತನಕ ಹೋಗುತ್ತದೆ. ಬಾಗಿಲಿನಲ್ಲೋ ನಡುವಿನ ಪಿಲ್ಲರ್‌ನಲ್ಲೋ ಇರುವ ಸೆನ್ಸರ್ ಪೆಟ್ಟನ್ನು ಗುರುತಿಸುತ್ತದೆ. ಪುಟ್ಟ ಸಿಲಿಂಡರಿನ ಗ್ಯಾಸ್ ನುಗ್ಗಿ ಪರದೆ ಕೆಳಗಿಳಿಯುತ್ತದೆ. ಪಕ್ಕದಲ್ಲಿ ಜಾಗವೇ ಕಡಿಮೆ ಆದ್ದರಿಂದ, ಮುಂದಿನ ಏರ್‌ಬ್ಯಾಗ್‌ಗೆ ಸಿಗುವಷ್ಟು ಸಮಯವೂ ಇದಕ್ಕೆ ಸಿಗುವುದಿಲ್ಲ. ಸೆಕೆಂಡಿನ ನೂರನೇ ಎರಡು ಮೂರು ಭಾಗದಲ್ಲಿ ಕೆಲಸ ಮುಗಿಯಬೇಕು.

ಇದು ಹೊಸ ವಿದ್ಯೆಯೂ ಅಲ್ಲ. ವೋಲ್ವೋದವರು ಎಸ್80 ಕಾರಿನಲ್ಲಿ 1998ರಲ್ಲೇ ಕೊಟ್ಟಿದ್ದರು. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ ಅಲ್ಲಿನ ಅಪಘಾತಗಳ ಲೆಕ್ಕ ನೋಡಿತು. ಡ್ರೈವರ್ ಕಡೆಗೆ ಪೆಟ್ಟು ಬಿದ್ದಾಗ, ತಲೆ ಕಾಯುವ ಪಕ್ಕದ ಏರ್‌ಬ್ಯಾಗ್ ಇದ್ದರೆ ಡ್ರೈವರ್ ಸಾಯುವ ಅಪಾಯ ಕಾರುಗಳಲ್ಲಿ 37 ಶೇಕಡಾ, ಎಸ್‌ಯುವಿಗಳಲ್ಲಿ 52 ಶೇಕಡಾ ಕಡಿಮೆ ಅಂತ ಕಂಡುಬಂತು. ಇಷ್ಟು ಗೊತ್ತಿದ್ದೂ ನಮ್ಮಲ್ಲಿ ಕಡ್ಡಾಯ ಆಗಲಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು 2022ರ ಜನವರಿಯಲ್ಲಿ ಹೊರಬಂತು. ಜಾರಿಯ ದಿನವನ್ನು 2023ರ ಅಕ್ಟೋಬರ್‌ಗೆ ಮುಂದೆ ಹಾಕಿದರು. 2023ರ ಸೆಪ್ಟೆಂಬರ್‌ನಲ್ಲಿ ಸಚಿವ ನಿತಿನ್ ಗಡ್ಕರಿಯವರು ಕಡ್ಡಾಯ ಮಾಡುವುದಿಲ್ಲ ಅಂದರು. ಕೆಲವು ಕಂಪನಿಗಳು ತಾವಾಗಿಯೇ ಮುಂದೆ ಬಂದಿವೆ. ಹುಂಡೈ 2023ರಲ್ಲಿ ತನ್ನ ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗ್ ಕೊಟ್ಟಿತು. 2024ರ ಹೊಸ ಮಾರುತಿ ಸ್ವಿಫ್ಟ್‌ನ ಬೇಸ್ ಮಾಡೆಲ್‌ನಲ್ಲೂ ಇದೆ. ಆದ್ದರಿಂದ ನಿಮ್ಮ ಮಗನಿಗೆ ಹೇಳಿ, ಬಜೆಟ್ ಒಳಗೇ ಆರು ಇರುವ ಬೇರೆ ಕಾರನ್ನೂ ಒಮ್ಮೆ ನೋಡಲಿ. ಇ.ಎಸ್.ಸಿ. ಇದೆಯಾ ಅಂತಲೂ ಕೇಳಲಿ. ಜಾರುವ ಕಾರನ್ನು ಒಂದೊಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ ಅದು. ಮಳೆಗಾಲದ ಕೊಡಗಿಗೆ ಈ ಎರಡೂ ಇರುವ ಕಾರೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಮಾಕುಟ್ಟ ಘಾಟಿಯಲ್ಲಿ ವಾರಕ್ಕೆರಡು ಸಲ ಇರಿಟ್ಟಿಗೆ ಓಡಾಡುತ್ತೇನೆ. ಕಾರು ರಸ್ತೆ ಬಿಟ್ಟು ಕೆಳಗೆ ಉರುಳಿದರೆ ಈ ಕರ್ಟನ್ ಬಿಚ್ಚಿಕೊಳ್ಳುತ್ತದಾ? (ವಿರಾಜಪೇಟೆಯ ಓದುಗರು)

ಉತ್ತರ: ಎಲ್ಲ ಕಾರುಗಳಲ್ಲೂ ಅಲ್ಲ. ಕಾರು ಉರುಳುತ್ತಿದೆ ಅಂತ ಗುರುತಿಸುವ ಬೇರೆಯೇ ಸೆನ್ಸರ್ ಬೇಕು. ಅದಕ್ಕೆ ರೋಲ್‌ಓವರ್ ಸೆನ್ಸರ್ ಅಂತಾರೆ. ಅದು ಇರುವ ಕಾರಿನಲ್ಲಿ ಎರಡೂ ಬದಿಯ ಪರದೆ ಬಿಚ್ಚಿಕೊಳ್ಳುತ್ತದೆ. ಇಲ್ಲದ ಕಾರಿನಲ್ಲಿ, ಉರುಳುವಾಗ ಪಕ್ಕಕ್ಕೆ ಬಲವಾದ ಪೆಟ್ಟು ಬಿದ್ದರೆ ಬಿಚ್ಚೀತು, ಬಿಚ್ಚೇ ಬಿಚ್ಚುತ್ತದೆ ಅನ್ನುವ ಭರವಸೆ ಇಲ್ಲ. ಶೋರೂಂನಲ್ಲಿ ಬಾಯಿಮಾತಿಗೆ "ಇದೆ ಸರ್" ಅಂದರೆ ಒಪ್ಪಬೇಡಿ. ಓನರ್ಸ್ ಮ್ಯಾನ್ಯುಯಲ್ ತೆಗೆಸಿ ಓದಿ. ಯಾವ ಪೆಟ್ಟಿಗೆ ಬಿಚ್ಚುತ್ತದೆ, ಯಾವುದಕ್ಕೆ ಬಿಚ್ಚದೇ ಇರಬಹುದು ಅಂತ ಅದರಲ್ಲಿ ಚಿತ್ರ ಹಾಕಿ ಬರೆದಿರುತ್ತಾರೆ.

ಉರುಳುವುದು ಒಂದೇ ಏಟಿಗೆ ಮುಗಿಯುವುದಿಲ್ಲ. ಒಂದು ಪಲ್ಟಿ, ಇನ್ನೊಂದು ಪಲ್ಟಿ, ಆಮೇಲೆ ಮರವೋ ಬಂಡೆಯೋ. ಮುಂದಿನ ಏರ್‌ಬ್ಯಾಗ್‌ಗೆ ಗಾಳಿ ಬಿಡಲು ತೂತುಗಳಿರುತ್ತವೆ, ಉಬ್ಬಿದ ತಕ್ಷಣ ಕುಸಿಯುತ್ತದೆ. ಉರುಳುವಿಕೆಗೂ ಸೇರಿಸಿ ಮಾಡಿದ ಪರದೆಗೆ ಹಾಗೆ ತೂತು ಇಡುವುದಿಲ್ಲ, ಬಟ್ಟೆಗೆ ಗ್ಯಾಸ್ ಸೋರದ ಹಾಗೆ ಲೇಪನ ಇರುತ್ತದೆ. ಅದು ಕೆಲವು ಸೆಕೆಂಡು ಉಬ್ಬಿಯೇ ನಿಲ್ಲುತ್ತದೆ. ತಲೆ ಕಾಯುವುದರ ಜೊತೆಗೆ, ಒಡೆದ ಕಿಟಕಿಯಿಂದ ಮನುಷ್ಯ ಹೊರಗೆ ಎಸೆಯಲ್ಪಡದಂತೆ ಅಡ್ಡ ನಿಲ್ಲುವುದು ಇದರ ದೊಡ್ಡ ಕೆಲಸ. ಘಾಟಿಯಲ್ಲಿ ಕಾರಿನಿಂದ ಹೊರಗೆ ಬಿದ್ದವರ ಮೇಲೆ ಅದೇ ಕಾರು ಉರುಳಿ ಬರುತ್ತದೆ, ಯೋಚನೆ ಮಾಡಿ.

ಆದರೆ ಬೆಲ್ಟ್ ಹಾಕದವರನ್ನು ಪರದೆ ಒಂದೇ ಹಿಡಿದು ನಿಲ್ಲಿಸಲಾರದು. ಹಿಂದಿನ ಸೀಟಿನವರಿಗೂ ಇದೇ ಮಾತು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಬಹಳ ದುಬಾರಿ, ಬಹಳ ಸುರಕ್ಷಿತ ಅನ್ನಿಸಿಕೊಂಡ ಕಾರಿನಲ್ಲಿ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಬದುಕಿದರು. ಮದುವೆಗೆ ಹೊರಟಾಗ ಸೀರೆ ನೆರಿಗೆ ಹಾಳಾಗುತ್ತದೆ ಅಂತ ಹಿಂದಿನ ಬೆಲ್ಟನ್ನು ಸೀಟಿನ ಅಡಿಗೆ ತುರುಕುವುದನ್ನು ನಮ್ಮ ಕಡೆ ಎಷ್ಟು ನೋಡಿದ್ದೇನೆ! ದಯವಿಟ್ಟು ಹೊರಗೆ ತೆಗೆಯಿರಿ.

ಪ್ರಶ್ನೆ: ನಮ್ಮ ಭಾವನ ಕಾರು ಎದುರಿನ ಲಾರಿಗೆ ಗುದ್ದಿತು. ಮುಂದಿನ ಏರ್‌ಬ್ಯಾಗ್ ಬಿಚ್ಚಿತು, ಪಕ್ಕದ್ದು ಬಿಚ್ಚಲಿಲ್ಲ. ಕಂಪನಿಯವರ ಮೋಸ ಅಲ್ವಾ ಇದು? (ಸೋಮವಾರಪೇಟೆಯ ಓದುಗರು)

ಉತ್ತರ: ಅಲ್ಲ. ಪೆಟ್ಟು ಯಾವ ಕಡೆಯಿಂದ ಬಂತೋ ಆ ಕಡೆಗೆ ಬೇಕಾದ್ದು ಮಾತ್ರ ಬಿಚ್ಚಬೇಕು. ಎದುರಿನ ಪೆಟ್ಟಿಗೆ ಪಕ್ಕದ ಪರದೆಯಿಂದ ಹೆಚ್ಚಿನ ಪ್ರಯೋಜನ ಇಲ್ಲ. ಭಾವನವರು ಕ್ಷೇಮ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇವೆ ಅಣ್ಣಾ. ಆರು ಏರ್‌ಬ್ಯಾಗ್ ಮಾಡೆಲ್. ರೇಟು ಕಡಿಮೆ ಹೇಳುತ್ತಿದ್ದಾರೆ. ಏನು ನೋಡಬೇಕು? (ಪೊನ್ನಂಪೇಟೆಯ ಓದುಗರು)

ಉತ್ತರ: ತಮ್ಮಾ, ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಆರು ಏರ್‌ಬ್ಯಾಗ್ ಮಾಡೆಲ್ ಅನ್ನುವುದು ಬೇರೆ, ಆರು ಏರ್‌ಬ್ಯಾಗ್ ಈಗಲೂ ಒಳಗಿವೆ ಅನ್ನುವುದು ಬೇರೆ.

ಪರದೆ ಒಮ್ಮೆ ಬಿಚ್ಚಿದರೆ ಮತ್ತೆ ಮಡಚಿ ಇಡಲು ಬರುವುದಿಲ್ಲ. ಹೊಸ ಪರದೆ, ಹೊಸ ರೂಫ್ ಲೈನಿಂಗ್, ಪಿಲ್ಲರಿನ ಪ್ಲಾಸ್ಟಿಕ್, ಸೆನ್ಸರ್, ಬೆಲ್ಟ್, ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಹೀಗೆ ಪಟ್ಟಿ ಬೆಳೆಯುತ್ತದೆ. ಖರ್ಚು ಲಕ್ಷ ದಾಟುವುದೂ ಉಂಟು. ಅದಕ್ಕೇ ಕೆಲವರು ಹರಿದ ಪರದೆಯನ್ನು ಕತ್ತರಿಸಿ ತೆಗೆದು, ಮೇಲೆ ಲೈನಿಂಗ್ ಅಂಟಿಸಿ ಮಾರಿಬಿಡುತ್ತಾರೆ. ನನ್ನ ಶೆಡ್ಡಿಗೆ ಬಂದ ಒಂದು ಕಾರಿನಲ್ಲಿ ಲೈನಿಂಗ್ ಇಳಿಸಿ ನೋಡಿದರೆ ಒಂದು ಬದಿ ಪೂರ್ತಿ ಖಾಲಿ. ಅದನ್ನು ಕೊಂಡವರು ಎರಡು ಮಕ್ಕಳ ತಂದೆ. ಅವರಿಗೆ ಅದನ್ನು ತೋರಿಸುವಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಮೊದಲು ಮೀಟರ್ ನೋಡು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಆರದಿದ್ದರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದರೆ ಅದಕ್ಕಿಂತ ಕೆಟ್ಟದ್ದು, ದೀಪವನ್ನೇ ಕಿತ್ತಿರಬಹುದು. ಇನ್ನೊಂದು ಉಪಾಯ ಮಾಡುವವರೂ ಇದ್ದಾರೆ. ಏರ್‌ಬ್ಯಾಗ್ ದೀಪದ ವೈರನ್ನು ಬೇರೆ ದೀಪಕ್ಕೆ ಜೋಡಿಸಿ, ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವ ಹಾಗೆ ಮಾಡುತ್ತಾರೆ. ಕೆಲವರು ಏರ್‌ಬ್ಯಾಗ್ ಜಾಗಕ್ಕೆ ಸಣ್ಣ ರೆಸಿಸ್ಟರ್ ಕೊಟ್ಟು ಕಂಪ್ಯೂಟರಿಗೇ ಸುಳ್ಳು ಹೇಳಿಸುತ್ತಾರೆ. ಆದ್ದರಿಂದ ದೀಪ ಸರಿ ಇದ್ದ ಮಾತ್ರಕ್ಕೆ ನಂಬಬೇಡ.

ಆಮೇಲೆ ಕೈ, ಕಣ್ಣು ಎರಡೂ ಬೇಕು. ಪಿಲ್ಲರಿನ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಇರುತ್ತದೆ. ಒಂದು ಬದಿ ಇದ್ದು ಇನ್ನೊಂದು ಬದಿ ಇಲ್ಲದಿದ್ದರೆ ಕೇಳು. ರೂಫ್ ಲೈನಿಂಗ್ ಬಣ್ಣ ಒಂದೇ ಥರ ಇದೆಯಾ, ಅಂಚಿನಲ್ಲಿ ಗೋಂದಿನ ಕಲೆ ಇದೆಯಾ, ಕ್ಲಿಪ್ ಮುರಿದು ಸಡಿಲ ಆಗಿದೆಯಾ ಅಂತ ಬೆರಳಾಡಿಸಿ ನೋಡು. ಎಲ್ಲ ಬೆಲ್ಟುಗಳನ್ನೂ ಕೊನೆ ತನಕ ಎಳೆ. ಸಿಕ್ಕಿಹಾಕಿಕೊಂಡರೆ ಅಥವಾ ಹಳೇ ಕಾರಿನಲ್ಲಿ ಒಂದು ಬೆಲ್ಟ್ ಮಾತ್ರ ಹೊಸದಾಗಿ ಕಂಡರೆ ಅನುಮಾನಪಡು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಸ್ಕ್ಯಾನ್ ಮಾಡಿಸು, ಚಾಸಿಸ್ ನಂಬರ್ ಕೊಟ್ಟು ರಿಪೇರಿ ದಾಖಲೆ ಕೇಳು. ಅನುಮಾನ ಉಳಿದರೆ ಪಿಲ್ಲರ್ ಕವರ್ ಬಿಚ್ಚಿಸಿ ಒಳಗೆ ನೋಡುವುದೇ ದಾರಿ. ಬಿಚ್ಚುವವರು ಈ ಕೆಲಸ ಗೊತ್ತಿದ್ದವರೇ ಆಗಬೇಕು, ಬ್ಯಾಟರಿ ಕನೆಕ್ಷನ್ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಕೈ ಹಾಕಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಕಾರು ಬೇಡ. ರೇಟು ಎಷ್ಟೇ ಇಳಿಸಲಿ, ಬೇಡ.

ಪ್ರಶ್ನೆ: ಮೊಮ್ಮಗಳಿಗೆ ಆರು ವರ್ಷ. ಮೈಸೂರಿಗೆ ಹೋಗುವಾಗ ಯಾವಾಗಲೂ ಕಿಟಕಿಗೆ ತಲೆ ಕೊಟ್ಟು ಮಲಗುತ್ತಾಳೆ. ಪರದೆ ಬಿಚ್ಚಿದರೆ ಮಗುವಿಗೇ ಪೆಟ್ಟಾಗುವುದಿಲ್ಲವೇ? (ನಾಪೋಕ್ಲಿನ ಅಜ್ಜಿ)

ಉತ್ತರ: ಅಮ್ಮಾ, ಪರದೆಗೆ ತಲೆ ಮತ್ತು ಗಾಜಿನ ನಡುವೆ ಇಳಿಯಲು ಜಾಗ ಬೇಕು. ತಲೆ ಗಾಜಿಗೇ ಅಂಟಿದ್ದರೆ ಅದು ಸರಿಯಾಗಿ ಇಳಿಯುವುದಿಲ್ಲ, ಜೋರಾಗಿ ತಗಲುವ ಅಪಾಯವೂ ಇದೆ. ಮಗುವಿನ ಎತ್ತರ ತೂಕಕ್ಕೆ ತಕ್ಕ, ಬೆನ್ನಿಗೆ ಆಸರೆಯೂ ತಲೆಯ ಎರಡೂ ಬದಿಗೆ ಒರಗುವ ಜಾಗವೂ ಇರುವ ಬೂಸ್ಟರ್ ಸೀಟ್ ತನ್ನಿ. ಹಿಂದಿನ ಸೀಟಿನಲ್ಲಿ ಅದನ್ನಿಟ್ಟು ಬೆಲ್ಟ್ ಹಾಕಿ. ನಿದ್ದೆ ಬಂದರೂ ತಲೆ ಸೀಟಿನ ಒಳಗೇ ಉಳಿಯುತ್ತದೆ. ತೊಡೆ ಮೇಲೆ ಕೂರಿಸಿಕೊಳ್ಳುವುದು ಮಾತ್ರ ಬೇಡ, ಪೆಟ್ಟು ಬಿದ್ದಾಗ ಯಾರ ಕೈಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ.

ಮೂರು ಸಾಲಿನ ಗಾಡಿ ಇರುವವರಿಗೆ ಒಂದು ಮಾತು. ಕೆಲವು ಗಾಡಿಗಳಲ್ಲಿ ಪರದೆ ಎರಡನೇ ಸಾಲಿಗೇ ಮುಗಿಯುತ್ತದೆ. ಹಬ್ಬಕ್ಕೆ ಹೋಗುವಾಗ ಮಕ್ಕಳನ್ನೆಲ್ಲ ಹಿಂದೆ ತುಂಬುವ ಮೊದಲು ಅದನ್ನು ತಿಳಿದುಕೊಳ್ಳಿ.

ಪ್ರಶ್ನೆ: ಕೊಡೆ, ಊರುಗೋಲು, ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಸಮಯದಲ್ಲಿ ಕೋವಿ, ಇವನ್ನೆಲ್ಲ ಇಡಲು ಕಿಟಕಿ ಮೇಲೆ ಒಂದು ಕ್ಲಾಂಪ್ ಹಾಕಿಸಬೇಕು. ಹೊಸ ಸೀಟ್ ಕವರ್ ಕೂಡ. ತೊಂದರೆ ಇಲ್ಲ ತಾನೇ? (ಅಮ್ಮತ್ತಿಯ ಓದುಗರು)

ಉತ್ತರ: ಕ್ಲಾಂಪ್ ಬೇಡವೇ ಬೇಡ. ಅಲ್ಲಿ ಸ್ಕ್ರೂ ಹೊಡೆದರೆ ಪರದೆಗೇ ಚುಚ್ಚಬಹುದು. ಬಿಚ್ಚಿಕೊಳ್ಳುವಾಗ ಅಲ್ಲಿರುವ ಗಟ್ಟಿ ವಸ್ತು ಎಲ್ಲಿಗೆ ಬೇಕಾದರೂ ಹಾರುತ್ತದೆ. ಹಿಡಿಕೆಗೆ ಹ್ಯಾಂಗರ್ ಹಾಕಿ ಕೋಟು ತೂಗಹಾಕುವುದೂ ಬೇಡ. ಹ್ಯಾಂಗರ್ ಇಲ್ಲದೆ ಬರೀ ಬಟ್ಟೆಯಾದರೆ ಪರವಾಗಿಲ್ಲ. ಉಳಿದದ್ದೆಲ್ಲ ಡಿಕ್ಕಿಯಲ್ಲಿರಲಿ.

ಸೀಟ್ ಕವರ್ ವಿಷಯ ಬೇರೆ. ಆರರಲ್ಲಿ ಎರಡು ಏರ್‌ಬ್ಯಾಗ್ ಮುಂದಿನ ಸೀಟುಗಳ ಹೊರಬದಿಯಲ್ಲಿ ಇರುತ್ತವೆ, ಎದೆ ಪಕ್ಕೆಲುಬು ಕಾಯಲು. ಗಟ್ಟಿಯಾಗಿ ಹೊಲಿದ ಕವರ್ ಹಾಕಿದರೆ ಅವು ಹೊರಬರಲು ದಾರಿ ಇಲ್ಲ. ಆ ಬದಿಯಲ್ಲಿ ಬಿಚ್ಚಿಕೊಳ್ಳುವ ಹೊಲಿಗೆ ಇರುವ, ನಿಮ್ಮ ಕಾರಿಗೇ ಮಾಡಿದ ಕವರ್ ಮಾತ್ರ ಹಾಕಿಸಿ.

ಪ್ರಶ್ನೆ: ತೋಟದ ಹಳೇ ಜೀಪಿಗೆ ಹೊರಗಿನಿಂದ ಏರ್‌ಬ್ಯಾಗ್ ಹಾಕಿಸಬಹುದಾ? (ಪಾಲಿಬೆಟ್ಟದ ಓದುಗರು)

ಉತ್ತರ: ಆಗುವುದಿಲ್ಲ. ಸೆನ್ಸರ್, ಬಾಡಿ, ಸೀಟು ಎಲ್ಲ ಒಂದಕ್ಕೊಂದು ಹೊಂದಿಸಿ, ಗುದ್ದಿಸಿ ನೋಡಿಯೇ ಕಂಪನಿಯವರು ಇದನ್ನು ಕೂರಿಸುತ್ತಾರೆ. ಯಾರಾದರೂ ಹಾಕಿಕೊಡುತ್ತೇನೆ ಅಂದರೆ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಒಳ್ಳೆ ಟೈರು ಹಾಕಿಸಿ, ಮುಂದಿನ ಎರಡು ಸೀಟಿಗೆ ಸರಿಯಾದ ಬೆಲ್ಟ್ ಕೂರಿಸಿ. ಹಿಂದಿನ ಅಡ್ಡ ಬೆಂಚಿನಲ್ಲಿ ಲೈನ್ ಮನೆಯ ತೋಟದ ಆಳುಗಳನ್ನು ತುಂಬಿಕೊಂಡು ಮುಖ್ಯ ರಸ್ತೆಗೆ ಬರುವುದನ್ನು ನಿಲ್ಲಿಸಿ. ಕುಯ್ಲಿನ ಸಮಯದಲ್ಲಿ ಆಳುಗಳನ್ನು ಕರೆತರಲು ಸೀಟು, ಬೆಲ್ಟ್ ಇರುವ ಗಾಡಿಯನ್ನೇ ಬಾಡಿಗೆಗೆ ಗೊತ್ತುಮಾಡಿ.