ಸೈಕಲ್‌ನವರು ರಸ್ತೆಯ ತೀರಾ ಅಂಚಿಗೆ ಹೋದರೆ ಸೇಫಾ?

ಹುಬ್ಬಳ್ಳಿಯ ಉಣಕಲ್‌ನಿಂದ ಧಾರವಾಡಕ್ಕೆ ದಿನಾ ಸೈಕಲ್ ಮೇಲೆ ಹೋಗುತ್ತೇನೆ, ಕಾರುಗಳು ಮೈಗೆ ತಾಗುವಂತೆ ಹೋಗುತ್ತವೆ, ಇನ್ನೂ ಎಡಕ್ಕೆ ಸರಿಯಬೇಕಾ ಅಂತ ಕೇಳಿದ್ದೀರಿ. ಬೇಡ.

ಅಂಚಿಗೆ ಅಂಟಿಕೊಂಡಷ್ಟೂ ಹಿಂದಿನವರಿಗೆ ಜಾಗ ಇದೆ, ನುಗ್ಗಬಹುದು ಅನ್ನಿಸುತ್ತದೆ. ಮೇಲಾಗಿ ಅಲ್ಲಿ ಉಸುಕು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಇರುತ್ತವೆ, ಅದನ್ನ ತಪ್ಪಿಸಲು ಹೋಗಿ ನೀವೇ ದಿಢೀರನೆ ಬಲಕ್ಕೆ ಬರುತ್ತೀರಿ, ಅಪಾಯ ಇರೋದೇ ಅಲ್ಲಿ. ಸುಮಾರು 1 ಮೀಟರ್ ಬಿಟ್ಟು ನೇರವಾಗಿ ಹೋಗಿ. ಸಾಲಾಗಿ ಕಾರು ನಿಂತಿದ್ದರೆ, ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರಿ. ಎರಡು ಕಾರಿನ ನಡುವೆ ಖಾಲಿ ಸಿಕ್ಕಿತು ಅಂತ ಒಳಗೆ ನುಸುಳಿ ಮತ್ತೆ ಹೊರಗೆ ಬರಬೇಡಿ. ರಸ್ತೆ ಕಿರಿದಾಗಿ ಪಕ್ಕದಲ್ಲಿ ಕಾರು ಹಿಡಿಸುವುದೇ ಇಲ್ಲ ಅಂದ ಕಡೆ, ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ಸ್ವಲ್ಪ ಹೊತ್ತು ಲೇನ್ ಮಧ್ಯಕ್ಕೇ ಬನ್ನಿ. ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ. ಹಾರ್ನ್ ಹೊಡೆದವರು ನಿಮ್ಮನ್ನ ನೋಡಿದ್ದಾರೆ ಅಂತ ಅರ್ಥ ಅಲ್ವಾ?

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆಂದೇ ಮಾಡಿದ ಲೇನ್ ಖಾಲಿ ಕಂಡು ಆಸೆಯಾಗುತ್ತದೆ, ಅಲ್ಲಿ ಮಾತ್ರ ಹೋಗಬೇಡಿ.

ನನಗೆ ಜಾಸ್ತಿ ಭಯ ಸರ್ಕಲ್‌ಗಳದ್ದು. ಸಿಗ್ನಲ್‌ನಲ್ಲಿ ಲಾರಿಯ ಎಡಪಕ್ಕ ನುಗ್ಗಿ ನಿಲ್ಲಬೇಡಿ, ಅದು ಎಡಕ್ಕೆ ತಿರುಗಿದರೆ ಹಿಂದಿನ ಗಾಲಿ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ.

ಸಂಜೆಗೆ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಬೇಕೇ ಬೇಕು. ಪೆಡಲ್‌ಗೋ ಕಣಕಾಲಿಗೋ ಹೊಳೆಯುವ ಪಟ್ಟಿ ಕಟ್ಟಿ, ಅದು ಮೇಲೆ ಕೆಳಗೆ ಆಡುವುದರಿಂದ ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತದೆ.