ಎದೆಯ ಮೇಲೆ ಕೂತದ್ದು ಕುದುರೆಯಲ್ಲ

ಪ್ರಶ್ನೆ: ನನಗೆ 29 ವರ್ಷ. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ. ಒಂದು ವಾರ ಹಗಲುಪಾಳಿ, ಮರುವಾರ ರಾತ್ರಿಪಾಳಿ. ಮೂರು ತಿಂಗಳಿಂದ ಆಗಾಗ ನಿದ್ದೆಯಿಂದ ಎಚ್ಚರವಾದರೂ ಕೈಕಾಲು ಅಲುಗುವುದಿಲ್ಲ, ಎದೆಯ ಮೇಲೆ ಯಾರೋ ಕೂತು ಒತ್ತಿದಂತಾಗುತ್ತದೆ. ವಿಜಯಪುರದಿಂದ ಬಂದಿರುವ ಅತ್ತೆಯವರು ಏನೋ ಮೆಟ್ಟಿಕೊಂಡಿದೆ, ಮನೆ ಬದಲಿಸಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ನೈಟ್‌ಮೇರ್’ ಎಂಬ ಪದದಲ್ಲೇ ಹೆಣ್ಣುಕುದುರೆ ಇರುವುದರಿಂದ ಕರಿಕುದುರೆಯ ಲಾಳದ ಉಂಗುರ ಧರಿಸಬೇಕೆಂದು ಜ್ಯೋತಿಷಿಯ ಬಳಿ ಕಳಿಸಿದ್ದಾರೆ. ಪತಿ ನಗುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಕುದುರೆಯನ್ನು ಲಾಯಕ್ಕೆ ಅಟ್ಟೋಣ. ಹಳೆಯ ಇಂಗ್ಲಿಷಿನಲ್ಲಿ ‘ಮೇರ್’ ಎಂಬುದು ಮಲಗಿದವರ ಎದೆಯೇರಿ ಉಸಿರುಗಟ್ಟಿಸುವ ಪೀಡೆಯ ಹೆಸರು. ಹೆಣ್ಣುಕುದುರೆಗೆ ಬೇರೆಯೇ ಪದವಿತ್ತು, ಕಾಲಕ್ರಮದಲ್ಲಿ ಎರಡರ ಉಚ್ಚಾರಣೆಯೂ ಒಂದಾಯಿತು. ಡಚ್ಚರು ಕೂಡ ಹೀಗೆಯೇ ಎಡವಿ, ತಮ್ಮ ಪದದ ಬಾಲಕ್ಕೆ ಹೆಣ್ಣುಕುದುರೆಯನ್ನೇ ಕಟ್ಟಿಕೊಂಡಿದ್ದಾರೆ. ಜಾನಪದದಲ್ಲಿ ಕುದುರೆ ಪೀಡಿಸುವುದಲ್ಲ, ಪೀಡೆಗೆ ಒಳಗಾಗುವುದು: ರಾತ್ರಿಯಿಡೀ ಆ ಪೀಡೆ ಸವಾರಿ ಮಾಡಿದ್ದರಿಂದಲೇ ಬೆಳಗ್ಗೆ ಕುದುರೆಗಳು ಬೆವತು ನಿಂತಿರುತ್ತವೆ ಎಂದು ನಂಬಿ, ಇಂಗ್ಲೆಂಡಿನಲ್ಲಿ ಲಾಯದೊಳಗೆ ತೂತುಬಿದ್ದ ಕಲ್ಲನ್ನು ತೂಗುಹಾಕುತ್ತಿದ್ದರು. ತನ್ನನ್ನೇ ಕಾಪಾಡಿಕೊಳ್ಳಲಾಗದ ಪ್ರಾಣಿಯ ಲಾಳ ನಿಮ್ಮನ್ನು ಹೇಗೆ ಕಾಪಾಡೀತು?

ನಿಮ್ಮ ಅತ್ತೆಯವರ ಮಾತನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ‘ಮೆಟ್ಟು’ ಎಂದರೆ ತುಳಿ. ಫ್ರೆಂಚರು ಕೆಟ್ಟ ಕನಸಿಗೆ ಹೇಳುವ ‘ಕೋಶ್‌ಮಾರ್’ ಪದದ ಮೊದಲರ್ಧವೂ ತುಳಿಯುವುದನ್ನೇ ಸೂಚಿಸುವ ಹಳೆಯ ಕ್ರಿಯಾಪದ. 13ನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ಕಥೆಯಲ್ಲಿ ವಾನ್‌ಲಾಂದಿ ಎಂಬ ರಾಜನು ನಿದ್ದೆಯಲ್ಲಿ ‘ಮಾರಾ (ಅದೇ ಎದೆಯೇರುವ ಪೀಡೆ) ನನ್ನನ್ನು ತುಳಿಯುತ್ತಿದ್ದಾಳೆ’ ಎಂದು ಕೂಗಿಕೊಳ್ಳುತ್ತಾನೆ. ಆಳುಗಳು ತಲೆಯನ್ನು ಹಿಡಿದರೆ ಅವಳು ಕಾಲನ್ನು ತುಳಿಯುತ್ತಾಳೆ, ಕಾಲಿನತ್ತ ಓಡಿದರೆ ತಲೆಯನ್ನು ಒತ್ತುತ್ತಾಳೆ, ಕೊನೆಗೆ ಅವನು ಸಾಯುತ್ತಾನೆ. ಒಬ್ಬರನ್ನೊಬ್ಬರು ಕಂಡರಿಯದ ಜನ ಒಂದೇ ಕ್ರಿಯಾಪದವನ್ನು ಬಳಸಿದ್ದಾರೆಂದರೆ ಅವರೆಲ್ಲರ ಮೈ ಅನುಭವಿಸಿದ್ದು ಒಂದನ್ನೇ. ನಮ್ಮ ‘ದುಃಸ್ವಪ್ನ’ಕ್ಕೆ ಈ ತೂಕವಿಲ್ಲ, ಋಗ್ವೇದದ 5ನೆಯ ಮಂಡಲದಲ್ಲಿ ಸೂರ್ಯದೇವನಾದ ಸವಿತೃವನ್ನು ಬೇಡಿ ದೂರಮಾಡೆಂದದ್ದು ಬರೀ ಕೆಟ್ಟ ಕನಸನ್ನು. ನಿಮ್ಮ ತೊಂದರೆಗೆ ಅತ್ತೆಯವರ ಪದವೇ ಹೆಚ್ಚು ಸರಿಯಾಗಿ ಹೊಂದುತ್ತದೆ.

ಪದ ಸರಿ, ಕಾರಣ ಬೇರೆ. ಗಾಢವಾಗಿ ಕನಸು ಬೀಳುವ ಹೊತ್ತಿನಲ್ಲಿ, ಕನಸಿನಲ್ಲಿ ಓಡಿದವರು ಮಂಚದಿಂದಲೂ ಎದ್ದು ಓಡದಿರಲೆಂಬಂತೆ, ಮಿದುಳು ಕೈಕಾಲುಗಳ ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ. ಆ ಕಟ್ಟು ಬಿಚ್ಚುವ ಮುನ್ನವೇ ಎಚ್ಚರವಾದರೆ ಕಣ್ಣು ತೆರೆದಿರುತ್ತದೆ, ಮೈ ಅಲುಗುವುದಿಲ್ಲ, ದೀರ್ಘವಾಗಿ ಉಸಿರೆಳೆಯಲಾಗದೆ ಎದೆ ಬಿಗಿಯುತ್ತದೆ, ಮುಗಿಯದ ಕನಸು ಕೋಣೆಯೊಳಗೇ ಆಕಾರ ತಾಳುತ್ತದೆ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ಇದು ತಾನಾಗಿ ಬಿಡುತ್ತದೆ. ವಾರಕ್ಕೊಮ್ಮೆ ಬದಲಾಗುವ ಪಾಳಿ ಇದಕ್ಕೆ ಹದವಾದ ನೆಲ. ನೀವು ಮನೆ ಬದಲಿಸಿದರೂ ಆ ಪಾಳಿ ನಿಮ್ಮ ಹಿಂದೆಯೇ ಬರುತ್ತದೆ.

ಆದ್ದರಿಂದ ಮೇಲಧಿಕಾರಿಗಳನ್ನು ಕೇಳಿ, ಕನಿಷ್ಠ ಕೆಲವು ತಿಂಗಳಾದರೂ ಒಂದೇ ಪಾಳಿಯನ್ನು ಹಾಕಿಸಿಕೊಳ್ಳಿ. ಅಂಗಾತ ಮಲಗಿದಾಗ ಇದು ಹೆಚ್ಚು ಕಾಣಿಸಿಕೊಳ್ಳುವುದರಿಂದ ಪಕ್ಕಕ್ಕೆ ಹೊರಳಿ ಮಲಗಿ. ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದಂತಾಗುತ್ತಿದ್ದರೆ ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಪತಿ ಗಮನಿಸಿದ್ದರೆ ನಿದ್ರಾತಜ್ಞರನ್ನು ಕಾಣಲು ತಡಮಾಡಬೇಡಿ. ಪತಿಗೆ ಈ ಗಮನಿಸುವ ಕೆಲಸ ವಹಿಸಿದರೆ ನಗುವುದಕ್ಕೂ ಪುರುಸೊತ್ತಿರದು.

ಅತ್ತೆಯವರೊಡನೆ ವಾದಕ್ಕಿಳಿಯಬೇಡಿ. ಅವರಿಗೂ ಎಂದಾದರೂ ಹೀಗೆ ಆಗಿತ್ತೇ ಎಂದು ಕೇಳಿ ನೋಡಿ. ಆಗಿದ್ದಿರಬಹುದೆಂಬುದು ನನ್ನ ಗುಮಾನಿ. ಮಲಗುವಾಗ ರಾಮ, ಸ್ಕಂದ, ಹನುಮಂತ, ಗರುಡ, ಭೀಮ ಈ ಐವರನ್ನು ನೆನೆದರೆ ದುಃಸ್ವಪ್ನ ನಾಶವಾಗುತ್ತದೆಂಬ ಶ್ಲೋಕ ಅವರಿಗೆ ಬರುತ್ತಿದ್ದರೆ ಇಬ್ಬರೂ ಕೂಡಿ ಹೇಳಿಕೊಳ್ಳಿ, ಅದರಿಂದ ನಷ್ಟವೇನಿಲ್ಲ. ಉಂಗುರಕ್ಕೆ ಇನ್ನೂ ಹಣ ಕೊಟ್ಟಿಲ್ಲವಾದರೆ ಕೊಡಬೇಡಿ.