ಸಂಪಾದಕರ ಉತ್ತರ: ಬಾಗಿಲು ತೆರೆಯದ ಆ ಬೆಳಿಗ್ಗೆ

ಮಂಡ್ಯದ ಓದುಗರೊಬ್ಬರು ಬರೆದಿರುವ ಪತ್ರ ದೀರ್ಘವಾದುದು. ಹೆಸರು ಬೇಡವೆಂದು ಅವರು ಕೋರಿರುವುದರಿಂದ ಸಾರಾಂಶವನ್ನಷ್ಟೇ ಕೊಡುತ್ತೇನೆ. ಅವರು ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆ ದೇವಾಲಯಕ್ಕೆ (ಚರ್ಚಿಗೆ) ಹತ್ತಿರವೆಂಬ ಕಾರಣಕ್ಕೆ ನಾಲ್ಕು ತಿಂಗಳಿಂದ ಪ್ರತಿ ಗುರುವಾರದ ಮನೆಪ್ರಾರ್ಥನೆ ಅವರಲ್ಲಿಯೇ ನಡೆಯುತ್ತಿದೆ. ಇಪ್ಪತ್ತು ಜನರ ಉಪ್ಪಿಟ್ಟು, ಕಾಫಿಯೂ ಅವರದೇ. ನಾದಿನಿಗೆ ಮೂರು ಸಲ ಕೊಟ್ಟ ಕೈಗಡ ಹಿಂದಿರುಗಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಒಂದು ಬೆಳಿಗ್ಗೆ ಸಭೆಯ ಹಿರಿಯರೊಬ್ಬರು ಕರೆಗಂಟೆ ಒತ್ತಿದಾಗ ಅವರು ಬಾಗಿಲು ತೆರೆಯಲಿಲ್ಲ. ಮುಂದಿನ ಭಾನುವಾರ ಆರಾಧನೆ ಮುಗಿದು ಹೊರಬರುವಾಗ, "ಈಚೆಗೆ ಸೇವೆಯ ಮನಸ್ಸು ತಣ್ಣಗಾಗಿದೆ" ಎಂಬ ಮಾತು ಅವರ ಕಿವಿಗೆ ಬಿತ್ತು. ಕ್ರೈಸ್ತ ಹೆಣ್ಣುಮಗಳಾಗಿ ತಾನು 'ಆಗುವುದಿಲ್ಲ' ಎನ್ನಬಹುದೇ, ಅದು ಸ್ವಾರ್ಥವಲ್ಲವೇ ಎಂಬುದು ಅವರ ಪ್ರಶ್ನೆ.

ಸಹೋದರಿ, ಖಂಡಿತ ಎನ್ನಬಹುದು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನೇ ನೋಡಿ. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಯೇಸುಸ್ವಾಮಿ ಅನೇಕರನ್ನು ಗುಣಪಡಿಸಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ನಿರ್ಜನ ಸ್ಥಳಕ್ಕೆ ಪ್ರಾರ್ಥನೆಗೆ ಹೋದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದು ಸೀಮೋನನು ಬಂದು ಹೇಳಿದಾಗ, ಹಿಂದಿರುಗದೆ, ಬೇರೆ ಊರುಗಳಿಗೆ ಹೋಗೋಣ ಎಂದರು. ಅವರೇ ಹೇಳಿದ ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿಯೂ, ಅಂದರೆ ದೃಷ್ಟಾಂತ ಕಥೆಯಲ್ಲಿಯೂ, ದೀಪಕ್ಕೆ ಎಣ್ಣೆ ಕೇಳಿದ ಐವರಿಗೆ ಉಳಿದ ಐವರು ಬುದ್ಧಿವಂತೆಯರು ಕೊಡಲಿಲ್ಲ. ನಮಗೂ ನಿಮಗೂ ಸಾಲದೆ ಹೋದೀತು ಎಂದರು. ಆ ಸಾಮ್ಯದ ಉದ್ದೇಶ ಸಿದ್ಧತೆಯೇ ಹೊರತು ಇದಲ್ಲವೆಂದು ನನಗೂ ಗೊತ್ತು. ಆದರೂ ಇಲ್ಲವೆಂದ ಆ ಐವರನ್ನು ಸ್ವಾರ್ಥಿಗಳೆಂದು ಕರೆದ ಪ್ರಸಂಗವನ್ನು ನಾನಂತೂ ಇದುವರೆಗೆ ಕೇಳಿಲ್ಲ.

ಕೈಗಡದ ವಿಷಯದಲ್ಲಿ ನಿಮಗೆ ಗಲಾತ್ಯದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯ ನೆರವಾದೀತು. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಎರಡನೆಯ ವಚನದಲ್ಲಿ ಹೇಳುವ ಅಪೊಸ್ತಲ ಪೌಲನೇ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದು ಐದನೆಯ ವಚನದಲ್ಲಿ ಹೇಳುತ್ತಾನೆ. ಗ್ರೀಕ್ ಮೂಲದಲ್ಲಿ ಇವು ಬೇರೆ ಬೇರೆ ಪದಗಳು: ಮೊದಲನೆಯದು 'ಬಾರೊಸ್', ಎರಡನೆಯದು 'ಫೊರ್ತಿಯೊನ್'. ಒಬ್ಬರಿಂದ ಎತ್ತಲಾಗದ ಭಾರ ಒಂದು, ಅವರವರ ಪಾಲಿನ ಹೊರೆ ಇನ್ನೊಂದು ಎಂದು ಅನೇಕ ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ನಾದಿನಿಯ ಮಗುವಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ನೀವು ಕೊಟ್ಟ ಹಣ ಭಾರ ಹೊತ್ತದ್ದು. ಅದನ್ನು ಮರಳಿ ಕೇಳದಿದ್ದರೂ ನಡೆಯುತ್ತದೆ. ಹೊಸ ಸ್ಕೂಟರಿನ ಕಂತು ಅವರ ಹೊರೆ. ಅದಕ್ಕೆ ನಾಲ್ಕನೆಯ ಸಲ ಕೇಳಿದಾಗ "ಇದಕ್ಕೆ ಕೊಡಲಾಗುವುದಿಲ್ಲಮ್ಮ" ಎಂದಷ್ಟೇ ಹೇಳಿ. ಸಂಬಳ ಆಗಿಲ್ಲ, ಎಟಿಎಂ ಕಾರ್ಡ್ ಯಜಮಾನರ ಹತ್ತಿರವಿದೆ ಎಂದು ನೆಪ ಹೂಡಬೇಡಿ. ಅಲ್ಲವಾದರೆ ಅಲ್ಲವೆನ್ನಿ ಎಂಬ ಯೇಸುಸ್ವಾಮಿಯ ಬೆಟ್ಟದ ಪ್ರಸಂಗದ ಮಾತು ನೇರನುಡಿಯನ್ನು ಕುರಿತದ್ದು, ಮತ್ತು ನೆಪ ಹೇಳಿದವರ ಬಳಿಗೆ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಆದರೆ ಇದನ್ನೆಲ್ಲ ಮೊದಲು ನಿಮ್ಮ ಯಜಮಾನರೊಂದಿಗೆ ಕುಳಿತು ಮಾತನಾಡಿ. ತಂಗಿಗೆ ಈ ಮಾತು ಅಣ್ಣನಿಂದಲೂ ಹೋಗಲಿ. ಎಫೆಸದವರಿಗೆ ಬರೆದ ಪತ್ರದಲ್ಲಿ ಹೆಂಡತಿಗೆ ವಿಧೇಯತೆ ಹೇಳುವ ಮುಂಚಿನ ವಚನವೇ ಒಬ್ಬರಿಗೊಬ್ಬರು ವಿಧೇಯರಾಗಿರಿ ಎನ್ನುತ್ತದೆ. ಕೈಯೆತ್ತುವ ಮನೆಗಳ ಮಾತು ಮಾತ್ರ ಬೇರೆ. ಅಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ, 181 ಸಹಾಯವಾಣಿಯಿದೆ. ಸಹಿಸಿಕೊಂಡಿರು ಎನ್ನುವ ಉಪದೇಶವನ್ನು ಅಲ್ಲಿ ಯಾರೂ ಮಾಡಕೂಡದು.

ಇನ್ನು ನಿಮ್ಮ ನಿದ್ದೆ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನಾವಿದ್ದಾಗ ನನ್ನ ತಾಯಿಯೂ ರಾತ್ರಿ ಪಾಳಿಯ ನರ್ಸ್. ಬೆಳಿಗ್ಗೆ ಮಲಗುವ ಮುನ್ನ ಬೀದಿ ಕಿಟಕಿಯ ಸರಳಿಗೆ ಒಂದು ಕೆಂಪು ಟವೆಲ್ ಕಟ್ಟುತ್ತಿದ್ದರು. ಅದು ಕಂಡರೆ ಹಾಲಿನವನು ಚೊಂಬನ್ನು ಸದ್ದಿಲ್ಲದೆ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ದೇವಾಲಯದ ಹೆಂಗಸರು ಸಂಜೆ ಬರುತ್ತಿದ್ದರು. ಒಬ್ಬಿಬ್ಬರು ಮುನಿಸಿಕೊಂಡದ್ದೂ ಉಂಟು. ತಾಯಿ ಅವರ ಮನೆಗೆ ತಾವೇ ಹೋಗಿ ಕಾಫಿ ಕುಡಿದು ಬರುತ್ತಿದ್ದರೇ ವಿನಾ ಟವೆಲ್ ಬಿಚ್ಚಲಿಲ್ಲ. ಆ ಹಿರಿಯರ ಮನೆಗೆ ನೀವೂ ಹಾಗೆ ಒಮ್ಮೆ ಹೋಗಿ, ನಿಮ್ಮ ಪಾಳಿಯ ದಿನಗಳನ್ನು ಚೀಟಿಯಲ್ಲಿ ಬರೆದುಕೊಡಿ. ರಾತ್ರಿಯೆಲ್ಲ ರೋಗಿಗಳ ಬಳಿ ನಿಂತವರಿಗೆ ಸೇವೆಯ ಮನಸ್ಸಿಲ್ಲವೆಂದವರು ಬಹುಶಃ ಆ ಪಾಳಿಯ ಲೆಕ್ಕವನ್ನು ಕಂಡೇ ಇಲ್ಲ.

ಗುರುವಾರದ ಕೂಟಕ್ಕೆ ಸರದಿ ಬೇಕು. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದನ್ನು ಕಂಡ ಊರಿನವರು ನೀವು. ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವುದು ಬೆಳೆಯ ಮೇಲಿನ ಮುನಿಸಿನಿಂದಲ್ಲವೆಂದು ಸಭೆಯವರಿಗೂ ತಿಳಿದಿದೆ. ತಿಂಗಳಿಗೊಂದು ಗುರುವಾರ ನಮ್ಮ ಮನೆ, ಉಳಿದವು ಬೇರೆಯವರಲ್ಲಿ ಎಂದು ಸ್ತ್ರೀಯರ ಕೂಟದ ಕಾರ್ಯದರ್ಶಿಗೆ ತಿಳಿಸಿ. ಈ ಭಾನುವಾರವೇ ತಿಳಿಸಿ. ಬುಧವಾರ ರಾತ್ರಿ ಹೇಳಿದರೆ ಇನ್ನೊಂದು ಮನೆಯ ಹೆಣ್ಣುಮಗಳು ರವೆ ಹುರಿಯಲು ಪರದಾಡಬೇಕಾಗುತ್ತದೆ.